ಇಂಜೆಕ್ಷನ್ ಬೇಡವೆಂದ ಇಬ್ಬರು

ನಮ್ಮ ಭಾವ, ಅಂದರೆ ನನ್ನ ಹೆಂಡತಿಯ ಅಣ್ಣ, ಆಸ್ಪತ್ರೆಗೆ ಹೋಗಿ ಹೊಟ್ಟೆ ತೋರಿಸಿಕೊಳ್ಳುವಂತೆ ಮಾಡುವ ಕೆಲಸ ಒಮ್ಮೆ ನನ್ನ ಪಾಲಿಗೆ ಬಂದಿತ್ತು. ಅದನ್ನು ನಾನು ಮಾಡಿದೆ. ಮಾಡಿದ ರೀತಿ ಮಾತ್ರ ಹೇಳಿಕೊಳ್ಳುವಂಥದ್ದಲ್ಲ, ಬಹಳ ಕಾಲ ಹೇಳಿಕೊಳ್ಳಲೂ ಇಲ್ಲ. ಈಗ ಹೇಳುತ್ತಿರುವುದು ದೊಡ್ಡ ಧೈರ್ಯ ಬಂದಿದೆ ಅಂತಲ್ಲ. ಮುಚ್ಚಿಟ್ಟು ಮುಚ್ಚಿಟ್ಟು ಸಾಕಾಗಿದೆ.

ಮೊದಲು ನನ್ನದನ್ನು ಹೇಳಬೇಕು, ಆಮೇಲೆ ಭಾವನದು.

ತೊಂಬತ್ತರ ದಶಕದ ಕೊನೆ. ಹಳೇ ಮದ್ರಾಸು ರಸ್ತೆಯ ಒಂದು ಸರ್ಕಾರಿ ಫ್ಯಾಕ್ಟರಿಯಲ್ಲಿ ನನಗೆ ಕೆಲಸ, ಅದರ ಕಾಲೋನಿಯಲ್ಲೇ ಮನೆ. ವಯಸ್ಸು ನಲವತ್ತಾರು. ಬೆಳಗ್ಗೆ ಕಕ್ಕಸಿಗೆ ಹೋದಾಗ ರಕ್ತ ಕಾಣಿಸಲು ಶುರುವಾಗಿ ನಾಲ್ಕು ತಿಂಗಳಾಗಿತ್ತು. ಫ್ಯಾಕ್ಟರಿಯ ಡಿಸ್ಪೆನ್ಸರಿಗೆ ಹೋಗಬಹುದಿತ್ತು, ಔಷಧಿಯೂ ಪುಕ್ಕಟೆ. ಆದರೆ ಅಲ್ಲಿದ್ದ ಕಾಂಪೌಂಡರನ ಬಾಯಿ ಶಿಫ್ಟಿನ ಸೈರನ್ನಿಗಿಂತ ಜೋರು. "ಮೂಲವ್ಯಾಧಿ ಯಾರ್ರೀ, ಮುಂದಕ್ಕ್ ಬನ್ನಿ" ಎಂದು ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ ಕೂಗುತ್ತಿದ್ದ. ನಮ್ಮ ವಿಭಾಗದಲ್ಲಿ ಒಬ್ಬ ಹಾಗೆ ಕೂಗಿಸಿಕೊಂಡ ಮೇಲೆ, ಅವನು ರಿಟೈರ್ ಆಗುವ ತನಕ ಅವನ ಕುರ್ಚಿಯ ಮೇಲೆ ಯಾರಾದರೊಬ್ಬರು ಮೆತ್ತನೆಯ ದಿಂಬು ಇಟ್ಟಿರುತ್ತಿದ್ದರು. ದಿಂಬು ಇಟ್ಟವರಲ್ಲಿ ನಾನೂ ಒಬ್ಬ. ಹಾಗಾಗಿ ಯಾರಿಗೂ ಹೇಳದೆ ಶಿವಾಜಿನಗರದ ಒಂದು ಖಾಸಗಿ ಆಸ್ಪತ್ರೆಗೆ ಹೋದೆ.

ಡಾಕ್ಟರು ಕೊಲೊನೋಸ್ಕೋಪಿ ಮಾಡಬೇಕು ಎಂದರು. ಹಿಂದಿನಿಂದ ಕ್ಯಾಮೆರಾ ಇರುವ ಪೈಪು ಹಾಕಿ ದೊಡ್ಡ ಕರುಳನ್ನು ಪೂರ್ತಿ ನೋಡುವುದಂತೆ. ಕೇಳಿಯೇ ನನ್ನ ಮುಖ ಬಿಸಿಯಾಯಿತು. ಹೊರಗೆ ದಿನ ಗೊತ್ತು ಮಾಡಿಕೊಡುವ ಸಿಸ್ಟರು ಹಲಸೂರಿನ ಕಡೆಯ ಹೆಂಗಸು. ಕನ್ನಡದಲ್ಲಿ ಅರ್ಧ ತಮಿಳು ಬೆರೆಸಿ ನಿಧಾನವಾಗಿ ವಿವರಿಸಿದರು. ಮಂಪರು ಬರುವ ಇಂಜೆಕ್ಷನ್ ಬೇಕಾದರೆ ಜೊತೆಗೊಬ್ಬರು ಬರಬೇಕು, ಅವರು ಸೈನ್ ಹಾಕಬೇಕು, ಅವರೇ ಮನೆಗೆ ಕರೆದುಕೊಂಡು ಹೋಗಬೇಕು, ಅವತ್ತು ಕೆಲಸಕ್ಕೆ ಹೋಗುವ ಹಾಗಿಲ್ಲ. ಇಂಜೆಕ್ಷನ್ ಇಲ್ಲದೆಯೂ ಮಾಡುತ್ತಾರೆ. "ಸುಮಾರ್ ಜನ ಹಂಗೇ ಮಾಡಿಸ್ಕೋತಾರೆ ಸಾರ್. ಕೆಲವರ್ಗೆ ಏನೂ ಆಗಲ್ಲ. ಕೆಲವರ್ಗೆ ತಡ್ಕೊಳಕ್ಕಾಗಲ್ಲ."

ಜೊತೆಗೊಬ್ಬರು ಅಂದರೆ ಹೆಂಡತಿ. ಅವಳ ಮುಂದೆ ಅದನ್ನೆಲ್ಲ ಹೇಳುವುದಕ್ಕೆ ನನಗೆ ಸಾಯುವಷ್ಟು ನಾಚಿಕೆ. ಇಪ್ಪತ್ತು ವರ್ಷ ಜೊತೆಯಲ್ಲಿ ಸಂಸಾರ ಮಾಡಿದವಳ ಎದುರು ಅದೆಂಥ ನಾಚಿಕೆಯೋ ಮಾರಾಯ ಎಂದು ಯಾರಾದರೂ ಕೇಳಬಹುದು. ಜೊತೆಗೆ ಇನ್ನೊಂದು ಲೆಕ್ಕಾಚಾರವೂ ಇತ್ತು: ಇಂಜೆಕ್ಷನ್ ಇಲ್ಲದಿದ್ದರೆ ಬೆಳಗ್ಗೆ ಮುಗಿಸಿಕೊಂಡು ಮಧ್ಯಾಹ್ನ ಸೆಕೆಂಡ್ ಶಿಫ್ಟಿಗೆ ಹೋಗಬಹುದು, ಒಂದು ರಜೆ ಉಳಿಯುತ್ತದೆ. ಸರ್ಕಾರಿ ಫ್ಯಾಕ್ಟರಿಯವರಿಗೆ ರಜೆ ಉಳಿಸುವುದೆಂದರೆ ಪ್ರಾಣ ಉಳಿಸಿದಷ್ಟೇ ಸಂತೋಷ.

"ಇಂಜೆಕ್ಷನ್ ಬೇಡ ಸಿಸ್ಟರ್" ಎಂದೆ.

"ಇನ್ನೊಂದ್ಸಲ ಯೋಚ್ನೆ ಮಾಡಿ ಸಾರ್."

"ಮಾಡಾಯ್ತು ಬರ್ಕೊಳ್ಳಿ" ಎಂದು ಸಿಡುಕಿದೆ.

ಹೆಂಡತಿಗೆ ಹೊಟ್ಟೆಯ ಸ್ಕ್ಯಾನಿಂಗ್ ಎಂದು ಸುಳ್ಳು ಹೇಳಿದೆ. ಹಿಂದಿನ ದಿನ ಸಂಜೆಯಿಂದ ಭೇದಿಯ ನೀರು ಕುಡಿಯಬೇಕು, ಬೆಳಗ್ಗೆ ಕೊನೆಯ ಕಂತು. ಅದನ್ನು ಕುಡಿದು ಒಂದು ಗಂಟೆ ಮನೆಯಲ್ಲೇ ಇರಬೇಕೆಂದು ಚೀಟಿಯಲ್ಲಿ ಬರೆದಿತ್ತು. ನಾನು ಎಲ್ಲ ಆಯ್ತಲ್ಲ ಅಂದುಕೊಂಡು ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಶಿವಾಜಿನಗರದ ಬಸ್ಸು ಹತ್ತಿದೆ. ಇಂದಿರಾನಗರ ದಾಟುವಷ್ಟರಲ್ಲಿ ಹೊಟ್ಟೆಯೊಳಗೆ ಗುಡುಗು. ಹಲಸೂರಿನಲ್ಲಿ ಬಸ್ಸು ನಿಲ್ಲುವ ಮೊದಲೇ ಹಾರಿ, ಸಿಕ್ಕಿದ ಹೋಟೆಲಿಗೆ ನುಗ್ಗಿ ಕಕ್ಕಸು ಎಲ್ಲಿ ಎಂದರೆ, ಗಲ್ಲಾದಲ್ಲಿದ್ದವನು ಗಿರಾಕಿಗಳಿಗೆ ಮಾತ್ರ ಎಂದ. ಅಯ್ಯೋ ಶಿವನೇ! ಒಂದು ಪ್ಲೇಟ್ ಇಡ್ಲಿಗೆ ಟೋಕನ್ ತೆಗೆದುಕೊಂಡು, ಇಡ್ಲಿಯನ್ನು ಅವನ ಮುಂದೆಯೇ ಬಿಟ್ಟು ಹಿಂದಕ್ಕೆ ಓಡಿದೆ. ವಾಪಸು ಬಂದಾಗ ಆ ಮನುಷ್ಯ ಇಡ್ಲಿಗೆ ಚಟ್ನಿ ಹಾಕಿಟ್ಟು ಕಾಯುತ್ತಿದ್ದ. ತಿನ್ನುವ ಹಾಗಿಲ್ಲ ಎಂದು ಹೇಳಲೂ ನಾಚಿಕೆಯಾಗಿ ಸುಮ್ಮನೆ ಹೊರಗೆ ಬಂದೆ.

ಆಸ್ಪತ್ರೆಯಲ್ಲಿ ಎಡ ಮಗ್ಗುಲಿಗೆ ಮಲಗಿಸಿದರು. ಮೊದಲ ಎರಡು ಮೂರು ನಿಮಿಷ ಇಷ್ಟೇನಾ ಅನ್ನಿಸಿತು. ಎದುರಿಗೆ ಟಿವಿ ಇತ್ತು, ಅದರಲ್ಲಿ ನನ್ನದೇ ಕರುಳು. ಆಮೇಲೆ ಪೈಪು ಒಂದು ತಿರುವಿಗೆ ಬಂತು. ಗಾಳಿ ತುಂಬುತ್ತಾರೆ, ಹೊಟ್ಟೆ ಸೈಕಲ್ ಟ್ಯೂಬಿನ ಹಾಗೆ ಉಬ್ಬುತ್ತದೆ, ಒಳಗಿನಿಂದ ಯಾರೋ ಹಿಡಿದು ತಿರುಚುತ್ತಾರೆ. "ಅಮ್ಮಾ" ಎಂದೆ. ಆಮೇಲೆ "ತೆಗೀರೋ, ತೆಗೀರೋ ಲೋ" ಎಂದು ಡಾಕ್ಟರನ್ನೇ ಏಕವಚನದಲ್ಲಿ ಬೈದೆ. ಕಾಲು ಜಾಡಿಸಿದೆ. ಸಿಸ್ಟರ ಕೈಯಲ್ಲಿದ್ದ ಟ್ರೇ ನೆಲಕ್ಕೆ ಬಿತ್ತು. ಅವರು ನನ್ನ ಭುಜ ಹಿಡಿದು "ಆಯ್ತು ಸಾರ್, ನಿಲ್ಲಿಸ್ತಾರೆ, ನಿಲ್ಲಿಸ್ತಾರೆ" ಎನ್ನುತ್ತಿದ್ದರೆ ನಾನು ನಲವತ್ತಾರರ ಗಂಡಸು ಗೊಳೋ ಎಂದು ಅತ್ತೆ. ಇಂಜೆಕ್ಷನ್ ಕೊಡಿ ಎಂದು ಕೈಮುಗಿದೆ.

ಪೈಪು ಹೊರಗೆ ತೆಗೆದರು. ಸಿಸ್ಟರು ನಮ್ಮ ಪಕ್ಕದ ಮನೆಗೆ ಫೋನು ಮಾಡಿ ಹೆಂಡತಿಯನ್ನು ಕರೆಸಿದರು. ಅವಳು ಮನೆಯಲ್ಲಿ ಉಟ್ಟಿದ್ದ ಸೀರೆಯಲ್ಲೇ ಆಟೋ ಹಿಡಿದು ಬಂದಳು, ಕಾಗದಕ್ಕೆ ಸೈನ್ ಹಾಕಿದಳು. "ನಂಗೆ ಹೇಳಿದ್ರೆ ಆಗ್ತಿರ್ಲಿಲ್ವಾ?" ಎಂದದ್ದು ಅಷ್ಟೇ. ಇಂಜೆಕ್ಷನ್ ಕೊಟ್ಟ ಮೇಲೆ ನನಗೇನೂ ಗೊತ್ತಾಗಲಿಲ್ಲ. ಎರಡು ಸಣ್ಣ ಗಂಟು ಇದ್ದವಂತೆ, ತೆಗೆದರಂತೆ. ಬಿಟ್ಟಿದ್ದರೆ ಮುಂದೆ ಕೆಟ್ಟದ್ದಾಗಬಹುದಿತ್ತು, ಒಳ್ಳೇ ಸಮಯಕ್ಕೆ ಬಂದಿರಿ ಎಂದರು ಡಾಕ್ಟರು. ಸೆಕೆಂಡ್ ಶಿಫ್ಟೂ ಇಲ್ಲ, ಮಣ್ಣೂ ಇಲ್ಲ. ಹೆಂಡತಿಯ ಭುಜಕ್ಕೆ ಒರಗಿಕೊಂಡು ಆಟೋದಲ್ಲಿ ಮನೆಗೆ ಬಂದು ಸಂಜೆಯ ತನಕ ಗೊರಕೆ ಹೊಡೆದೆ.

ಇದಾಗಿ ಎರಡು ತಿಂಗಳಿಗೆ ಯುಗಾದಿ. ಯುಗಾದಿಯ ಮಾರನೆಯ ದಿನ ನಮ್ಮ ಕಡೆ ಹೊಸತೊಡಕು, ಬಾಡೂಟದ ದಿನ. ಅವತ್ತು ಏನು ಮಾಡುತ್ತೀವೋ ಅದೇ ವರ್ಷವಿಡೀ ನಡೆಯುತ್ತದೆ ಎನ್ನುತ್ತಾರೆ, ಅದಕ್ಕೇ ಎಲ್ಲರೂ ತಿಂದು, ನಕ್ಕು, ಇಸ್ಪೀಟಾಡಿ ಕಾಲ ಕಳೆಯುವುದು. ಪ್ರತಿ ವರ್ಷವೂ ಹೆಂಡತಿಯ ತವರಿಗೆ ಹೋಗುವುದು ರೂಢಿ. ತವರೇನೂ ದೂರವಲ್ಲ, ಕೆ.ಆರ್. ಪುರದ ಆಚೆಯ ಹಳ್ಳಿ. ಹೊಲಗಳೆಲ್ಲ ಸೈಟುಗಳಾಗಿ, ಭಾವ ಮೂರಂತಸ್ತು ಕಟ್ಟಿ ಬಾಡಿಗೆಗೆ ಕೊಟ್ಟಿದ್ದ. ಆದರೂ ಎರಡು ಹಸು ಸಾಕಿಕೊಂಡು, ಬೆಳಗ್ಗೆ ಐದಕ್ಕೆ ಎದ್ದು ಸಗಣಿ ಬಾಚುತ್ತಿದ್ದ. ಆಳು ಇಟ್ಟುಕೋ ಎಂದರೆ ಮೈ ಹುಳ ಹಿಡಿಯುತ್ತದೆ ಎನ್ನುತ್ತಿದ್ದ. ನನ್ನನ್ನು ಕಂಡರೆ ಅವನಿಗೆ ಪ್ರೀತಿಯೇ, ಆದರೆ ಗೇಲಿ ಮಾಡದೆ ಬಿಟ್ಟವನಲ್ಲ. "ಬನ್ನಿ ಅಳಿಯಂದ್ರೇ, ಫ್ಯಾನ್ ಕೆಳಗೆ ಕುಂತು ಬೆವರೋ ಜನ" ಎಂದೇ ಸ್ವಾಗತ; ಮನೆಯ ಅಳಿಯನೆಂದು ಅವನೂ ನನ್ನನ್ನು ಅಳಿಯ ಎಂದೇ ಕರೆಯುತ್ತಿದ್ದ. ಎಲ್ಲರೂ ನಗುತ್ತಿದ್ದರು. ಇಪ್ಪತ್ತು ವರ್ಷ ನಾನೂ ನಕ್ಕಿದ್ದೆ, ಒಳಗೊಳಗೇ ಉರಿದುಕೊಂಡು.

ಆ ಸಲ ಭಾವ ಇಳಿದುಹೋಗಿದ್ದ. ಅಂಗಿ ಸಡಿಲವಾಗಿ ನೇತಾಡುತ್ತಿತ್ತು. ಅವನ ಹೆಂಡತಿ, ನಾನು ಅಕ್ಕ ಎಂದೇ ಕರೆಯುವುದು, ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದಳು. "ಎಂಟ್ ತಿಂಗ್ಳಿಂದ ರಕ್ತ ಹೋಗ್ತೈತೆ. ಮೂಲವ್ಯಾಧಿ ಅಂತ ಎಲ್ಲೆಲ್ಲಿಂದಾನೋ ಸೊಪ್ಪು ತಂದು ಅರ್ದು ಕುಡೀತಾರೆ. ಡಾಕ್ಟ್ರು ಪೈಪಾಕಿ ನೋಡ್ಬೇಕು ಅಂದ್ರೆ, ನಾನು ಸತ್ರೂ ಸೈ ಅದೊಂದು ಬೇಡ ಅಂತಾರೆ. ನೀವು ಮಾಡಿಸ್ಕೊಂಡಿದೀರಂತಲ್ಲ, ನಿಮ್ಮನೆಯವ್ಳು ಹೇಳಿದ್ಲು. ಒಂದ್ಮಾತು ಹೇಳಿ. ಗಂಡಸ್ರು ಹೇಳಿದ್ರೆ ಕೇಳ್ತಾರೆ" ಎಂದು ಕಣ್ಣು ಒರೆಸಿಕೊಂಡಳು. ಹೇಳುತ್ತೀನಿ ಅಕ್ಕ ಎಂದೆ. ನಿಜವಾಗಿಯೂ ಅವನನ್ನು ಕಳಿಸಲೇಬೇಕೆಂದು ಮನಸ್ಸು ಮಾಡಿಯೇ ಮಹಡಿ ಹತ್ತಿದೆ. ಬಿಟ್ಟರೆ ಏನಾಗಬಹುದೆಂದು ಅಲ್ಲಿದ್ದವರಲ್ಲಿ ಗೊತ್ತಿದ್ದದ್ದು ನನಗೊಬ್ಬನಿಗೇ.

ಮಹಡಿಯ ಮೇಲೆ ಶಾಮಿಯಾನದ ಕೆಳಗೆ ಏಳೆಂಟು ಜನ ಇಸ್ಪೀಟಿಗೆ ಕೂತಿದ್ದರು. ನಾನು ವಿಷಯ ತೆಗೆದೆ. ಪೈಪಿನ ಮಾತು ಬಂದ ತಕ್ಷಣ ಎಲ್ಲರೂ ಹೋ ಎಂದು ನಕ್ಕರು. ಎಷ್ಟುದ್ದ, ಎಷ್ಟು ದಪ್ಪ ಎಂದು ಕೇಳಿದರು. ಭಾವ ಎಲೆ ಜೋಡಿಸುತ್ತ ತಲೆಯನ್ನೂ ಎತ್ತದೆ ಹೇಳಿದ: "ಮಂಪ್ರು ಬರೋಕೆ ಸೂಜಿ ಚುಚ್ಚಿರ್ತಾರೆ, ನಮ್ಮ ಅಳಿಯ ಮಗೀನಂಗೆ ಮಲಗಿರ್ತಾನೆ. ಅದ್ರಲ್ಲೇನೈತೆ ಗಂಡಸ್ತನ."

ಮತ್ತೆ ನಗು. ಆಗ ಹೌದು ಭಾವ, ಸೂಜಿ ಚುಚ್ಚಿದರು, ಏನೂ ಗೊತ್ತಾಗಲಿಲ್ಲ, ನೀನೂ ಚುಚ್ಚಿಸಿಕೊ ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಬೇಕಾಗಿದ್ದದ್ದು ಅಷ್ಟೇ ಮಾತು.

"ಯಾರ್ ಹೇಳಿದ್ದು ನಿಂಗೆ?" ಎಂದೆ ನಾನು. "ಇಂಜೆಕ್ಷನ್ ಬೇಡ ಅಂದೆ ಕಣಯ್ಯ. ಆಸ್ಪತ್ರೆ ಬುಕ್ಕಲ್ಲಿ ಬರ್ದವ್ರೆ ಬೇಕಾದ್ರೆ ಹೋಗಿ ನೋಡು. ಟಿವಿ ನೋಡ್ಕೊಂಡು ಮಲಗಿದ್ದೆ. ಮುಗಿಸ್ಕೊಂಡು ಸೀದಾ ಸೆಕೆಂಡ್ ಶಿಫ್ಟಿಗೆ ಹೋದೆ."

ಇಸ್ಪೀಟಿನವರಲ್ಲಿ ಒಬ್ಬ "ಭಲೇ" ಎಂದ. ಭಾವ ಎಲೆಗಳನ್ನು ಕೆಳಗಿಟ್ಟು ಮೊದಲ ಸಲ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಆ ನೋಟಕ್ಕೆ ಇಪ್ಪತ್ತು ವರ್ಷ ಕಾದಿದ್ದೆನೋ ಏನೋ, ಎದೆ ಇಷ್ಟಗಲವಾಯಿತು. ಆಗಲೇ ನನ್ನ ಹೆಂಡತಿ ಹುರಿದ ಬಾಡಿನ ತಟ್ಟೆ ಹಿಡಿದು ಮೆಟ್ಟಿಲ ಹತ್ತಿರ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ನನ್ನ ಮುಖ ನೋಡಲಿಲ್ಲ. ತಟ್ಟೆಯನ್ನು ನಡುವೆ ಇಟ್ಟು ಇಳಿದು ಹೋದಳು.

"ಫ್ಯಾನ್ ಕೆಳಗಿನೋನೇ ತಡ್ಕಂಡ ಅಂದ್ಮೇಲೆ ನಂದೇನು" ಎಂದ ಭಾವ. "ಗೊತ್ ಮಾಡು, ಬರ್ತೀನಿ."

ಅಕ್ಕ ನನಗೆ ಎರಡು ಸಲ ಕೈಮುಗಿದಳು. ಮನೆಗೆ ಬರುವಾಗ ದಾರಿಯಲ್ಲಿ ಹೆಂಡತಿ ಕೇಳಿದಳು: "ಯಾಕ್ರೀ ಹಂಗೆ ಹೇಳಿದ್ರಿ?" ಹೇಗೋ ಒಪ್ಪಿದನಲ್ಲ, ಅಷ್ಟು ಸಾಲದಾ ಎಂದು ರೇಗಿದೆ. 

ಹದಿನೈದು ದಿನಕ್ಕೆ ಭಾವನನ್ನು ಅದೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಕ್ಕನೂ ಬಂದಿದ್ದಳು. ಭಾವ ಬಿಳೀ ಪಂಚೆ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮದುವೆಗೆ ಹೊರಟವನ ಹಾಗೆ ಬಂದಿದ್ದ. ಹೆಸರು ಬರೆದುಕೊಳ್ಳಲು ಬಂದವರು ಅದೇ ಸಿಸ್ಟರು. "ಇಂಜೆಕ್ಷನ್ ಕೊಡೋಣ್ವಾ ಅಣ್ಣಾ? ಅಮ್ಮ ಜೊತೆಗವ್ರೆ, ಸೈನ್ ಹಾಕ್ತಾರೆ" ಎಂದು ಕೇಳಿದರು.

ಭಾವ ನನ್ನ ಬೆನ್ನಿನ ಮೇಲೆ ಕೈಯಿಟ್ಟು, ಹಾಲಿನಲ್ಲಿ ಕೂತಿದ್ದವರಿಗೆಲ್ಲ ಕೇಳುವಂತೆ ಹೇಳಿದ: "ಬ್ಯಾಡಮ್ಮ. ನಮ್ಮ ಅಳಿಯನೇ ತಗಂಡಿಲ್ವಂತೆ. ನಂಗ್ಯಾಕೆ?"

ಸಿಸ್ಟರು ಪೆನ್ನು ಎತ್ತಿ ನನ್ನನ್ನು ನೋಡಿದರು. ಗುರುತು ಸಿಕ್ಕಿತ್ತು, ಅದರಲ್ಲಿ ಅನುಮಾನವೇ ಇಲ್ಲ. ಟ್ರೇ ಬೀಳಿಸಿದವನನ್ನು ಯಾರು ಮರೆಯುತ್ತಾರೆ? ನಾನು ಏನಾದರೂ ಹೇಳುತ್ತೀನೇನೋ ಎಂದು ಅವರು ಕಾದರು. ನಾನು ನೆಲ ನೋಡಿದೆ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡನಂತೆ, ನಾನು ಅದನ್ನೂ ಮಾಡಲಾರದೆ ಕಲ್ಲಿನ ಹಾಗೆ ಕೂತಿದ್ದೆ. "ಎಲ್ಲರ್ ಮೈಯೂ ಒಂದೇ ಥರ ಇರಲ್ಲ ಅಣ್ಣಾ, ತಗೊಂಡ್ರೆ ತಪ್ಪೇನಿಲ್ಲ" ಎಂದು ಸಿಸ್ಟರು ಇನ್ನೊಂದು ಸಲ ಹೇಳಿದರು. ಬೇಡ ಎಂದ ಭಾವ. ಅವರು ಬರೆದುಕೊಂಡರು. ಬಾಯಿ ಬಿಡಲು ನನಗೆ ಪೂರ್ತಿ ಅರ್ಧ ಗಂಟೆ ಇತ್ತು, ಅವನು ನನ್ನ ಪಕ್ಕದಲ್ಲೇ ಕಾಲು ಅಲ್ಲಾಡಿಸುತ್ತ ಕೂತಿದ್ದ. ಆ ಅರ್ಧ ಗಂಟೆಯನ್ನು ನೆನೆದರೆ ಈಗಲೂ ನನ್ನ ಜನ್ಮಕ್ಕೆ ಬೆಂಕಿ ಹಾಕಬೇಕು ಅನ್ನಿಸುತ್ತದೆ.

ಒಳಗೆ ಹೋದವನು ಹತ್ತೇ ನಿಮಿಷಕ್ಕೆ ಹೊರಗೆ ಬಂದ. ಕೂಗಾಟ ಏನೂ ಕೇಳಿಸಿರಲಿಲ್ಲ. ಅಂಗಿ ಬೆವರಿಗೆ ಒದ್ದೆಯಾಗಿ ಬೆನ್ನಿಗೆ ಅಂಟಿಕೊಂಡಿತ್ತು, ಕೆಳತುಟಿಯಲ್ಲಿ ಹಲ್ಲಿನ ಗುರುತು. ಕೈಯಲ್ಲಿದ್ದ ರಿಪೋರ್ಟನ್ನು ಮಡಚಿ ಮಡಚಿ ಅಂಗಿಯ ಜೇಬಿಗೆ ತುರುಕಿಕೊಂಡು, "ಆಯ್ತು ನಡೀರಿ. ಏನೂ ಇಲ್ವಂತೆ, ಮೂಲವ್ಯಾಧಿನೇ ಅಂತೆ" ಎಂದ.

ಅಕ್ಕ ಆಂಜನೇಯನಿಗೆ ಹರಕೆ ಹೇಳಿಕೊಂಡಳು. ನನಗೆ ಮಾತ್ರ ಗೊತ್ತಿತ್ತು. ಹತ್ತು ನಿಮಿಷದಲ್ಲಿ ಅದು ಮುಗಿಯುವ ಕೆಲಸವಲ್ಲ. ಆ ತಿರುವಿನ ಹತ್ತಿರ ಇವನೂ ಸಾಕು ಎಂದಿದ್ದಾನೆ. ಇನ್ನೊಂದು ದಿನ ಇಂಜೆಕ್ಷನ್ ತೆಗೆದುಕೊಂಡು ಬನ್ನಿ ಎಂದು ಅವರು ಹೇಳಿಯೇ ಇರುತ್ತಾರೆ, ರಿಪೋರ್ಟಿನಲ್ಲಿ ಬರೆದೂ ಇರುತ್ತಾರೆ. ಮನೆಯಲ್ಲಿ ಆ ಇಂಗ್ಲಿಷು ಓದಬಲ್ಲ ಗಂಡಸು ನಾನೊಬ್ಬನೇ. ಎಲ್ಲಿ ಕೊಡು ನೋಡೋಣ ಎಂದು ಕೈ ಚಾಚಬೇಕಿತ್ತು. ಚಾಚಿದರೆ ನೀನು ಹೇಗೆ ತಡೆದುಕೊಂಡೆ ಎಂಬ ಮಾತು ಬರುತ್ತದಲ್ಲ ಎಂದು ಹೆದರಿದೆ. ಆಟೋದಲ್ಲಿ ಕೂತ ಮೇಲೆ ಭಾವ ನನ್ನ ಕಡೆ ತಿರುಗಿ, "ದೊಡ್ಡ ವಿಷ್ಯ ಏನಲ್ಲ ಬುಡು" ಎಂದ. ನಾನೂ "ಹೂಂ, ಏನಲ್ಲ" ಎಂದೆ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರೆ. ಅಲ್ಲಿ ಜಟ್ಟಿಗಳು ಇಬ್ಬರಿದ್ದೆವು, ನೋಡುತ್ತ ಕೂತವಳು ಅಕ್ಕ.

ಒಂದೂವರೆ ವರ್ಷ ಅವನು ಸೊಪ್ಪಿನ ರಸವನ್ನೇ ಕುಡಿದ. ಆಮೇಲೆ ಒಂದು ದಿನ ಹೊಟ್ಟೆ ಕಟ್ಟಿ, ವಾಂತಿ ನಿಲ್ಲದೆ ಬೇರೊಂದು ಆಸ್ಪತ್ರೆಗೆ ಸೇರಿಸಿದಾಗ ಕರುಳಿನಲ್ಲಿ ಗಡ್ಡೆ ಇರುವುದೂ, ಅದು ಲಿವರಿಗೆ ಹಬ್ಬಿರುವುದೂ ಗೊತ್ತಾಯಿತು. ಆಪರೇಷನ್ ಮಾಡಿದರು. ಬದುಕಿಸುವುದಕ್ಕಲ್ಲ, ಇರುವಷ್ಟು ದಿನ ಉಣ್ಣುವಂತೆ ಮಾಡುವುದಕ್ಕೆ.

ನಾನೂ ಹೆಂಡತಿಯೂ ನೋಡಲು ಹೋದಾಗ ಭಾವ ದಿಂಬಿಗೆ ಒರಗಿ ಕೂತಿದ್ದ. ಅಕ್ಕ ಔಷಧಿ ತರಲು ಕೆಳಗೆ ಹೋಗಿದ್ದಳು. ಅವಳು ಹೋದದ್ದನ್ನು ನೋಡಿಕೊಂಡು ತಂಗಿಗೆ ಹೇಳಿದ: "ಅವತ್ತು ನಂಗಾಗ್ಲಿಲ್ಲ ಕಣವ್ವ. ಅರ್ಧಕ್ಕೇ ನಿಲ್ಸಿ ಅಂದ್ಬಿಟ್ಟೆ. ಸೂಜಿ ತಗಂಡು ಇನ್ನೊಂದ್ಸಲ ಬಾ ಅಂದ್ರು. ಈ ಅಳಿಯ ಹಂಗೇ ಮಾಡಿಸ್ಕಂಡವ್ನೆ, ನಾನು ಸೂಜಿ ತಗಳಾದಾ ಅನ್ನುಸ್ತು. ಬಾಯ್ಮುಚ್ಕಂಡು ಬಂದ್ಬುಟ್ಟೆ." ಸ್ವಲ್ಪ ಸುಧಾರಿಸಿಕೊಂಡು ಕೇಳಿದ: "ನಿನ್ ಗಂಡ ಅದೆಂಗೆ ತಡ್ಕಂಡ್ನವ್ವಾ?"

 ಹೇಳಿಬಿಡಬೇಕು ಎಂದು ಬಾಯಿ ತೆರೆದೆ ಅಂತ ಅಂದುಕೊಳ್ಳುತ್ತೇನೆ. ಖಚಿತವಾಗಿ ಹೇಳಲಾರೆ, ಯಾಕೆಂದರೆ ಹೆಂಡತಿ ಅದಕ್ಕೆ ಮೊದಲೇ ಮಾತಾಡಿದಳು. "ಅವ್ರಿಗೆ ಮೊದ್ಲಿಂದ್ಲೂ ನೋವು ತಡ್ಕೊಳೋ ಶಕ್ತಿ ಜಾಸ್ತಿ ಕಣಣ್ಣ. ಎಲ್ಲರ್ಗೂ ಆಗಲ್ಲ ಅದು" ಎಂದು ಅವನ ಹಣೆಯ ಮೇಲೆ ಕೈಯಿಟ್ಟಳು. ಭಾವ ಹೌದೆಂದು ತಲೆಯಾಡಿಸಿದ. ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಹೇಳದಿದ್ದ ಮಾತು ಹೇಳಿದ: "ಗಟ್ಟಿ ಮನ್ಸ ಕಣಯ್ಯ ನೀನು."

ಹೊರಗೆ ಬಂದು ಬಸ್ ಸ್ಟಾಪಿನಲ್ಲಿ ನಿಂತಾಗ ಹೆಂಡತಿ ರಸ್ತೆ ನೋಡಿಕೊಂಡೇ ಹೇಳಿದಳು: "ಅಣ್ಣನ್ ಜೀವಕ್ಕೆ ಸಮಾಧಾನ ಆಗ್ಲಿ ಅಂತ ಹೇಳ್ದೆ. ನಿಮ್ಗೋಸ್ಕರ ಅಂದ್ಕೋಬೇಡಿ." ಹೊಸತೊಡಕಿನ ದಿನ ತಟ್ಟೆ ಇಟ್ಟು ಇಳಿದು ಹೋದದ್ದಕ್ಕೆ ಅವಳು ತನ್ನನ್ನೂ ಕ್ಷಮಿಸಿಕೊಂಡಿರಲಿಲ್ಲ ಎಂದು ನನಗೆ ಗೊತ್ತಾದದ್ದು ಬಹಳ ತಡವಾಗಿ. ಭಾವ ಐದು ತಿಂಗಳಿಗೆ ಹೋಗಿಬಿಟ್ಟ. ತಿಥಿಯ ಊಟದಲ್ಲಿ ಕೂಡ ಯಾರೋ ಒಬ್ಬ ಹಳೇ ಇಸ್ಪೀಟಿನವನು ನನ್ನನ್ನು ತೋರಿಸಿ, ಇಂಜೆಕ್ಷನ್ ಇಲ್ಲದೆ ಮಾಡಿಸಿಕೊಂಡ ಗಂಡಸು ಎಂದು ಪಕ್ಕದವನಿಗೆ ಹೇಳುತ್ತಿದ್ದ. ನಾನು ಎಲೆ ಮಡಚಿಟ್ಟು ಎದ್ದೆ.

ಏಳೆಂಟು ವರ್ಷ ಕಳೆಯಿತು. ಭಾವನ ಮಗಳು ಓದಿ ಇಂದಿರಾನಗರದ ಒಂದು ಬ್ಯಾಂಕಿನಲ್ಲಿ ಕೆಲಸಕ್ಕೆ ಸೇರಿದ್ದಳು. ಮಾತು, ಹಟ, ನಗು ಎಲ್ಲ ಅಪ್ಪನದೇ. ಅಪ್ಪನಿಗೆ ಆ ಕಾಯಿಲೆ ಬಂದದ್ದರಿಂದ ಮಕ್ಕಳೂ ಬೇಗ ನೋಡಿಸಿಕೊಳ್ಳಬೇಕು ಎಂದು ಡಾಕ್ಟರು ಅವಳಿಗೆ ಹೇಳಿದ್ದರಂತೆ. ಒಂದು ಭಾನುವಾರ ಸ್ಕೂಟಿಯಲ್ಲಿ ನಮ್ಮ ಮನೆಗೆ ಬಂದಳು. ಹೆಂಡತಿ ಅಡುಗೆಮನೆಯಲ್ಲಿದ್ದಳು.

"ಮಾವ, ನಂಗೂ ಡೇಟ್ ಕೊಟ್ಟಿದಾರೆ. ಇಂಜೆಕ್ಷನ್ ಬೇಡ ಅಂತ ಹೇಳ್ಬಿಟ್ಟು ಬಂದೆ. ಅಪ್ಪನ್ ಕೈಲಿ ಆಗ್ಲಿಲ್ಲ ಅಂತ ಅತ್ತೆ ಒಂದ್ಸಲ ಹೇಳಿದ್ರು. ನೀವ್ ಮಾಡಿಸ್ಕೊಂಡ್ರಲ್ಲ, ಹೆಂಗ್ ತಡ್ಕೊಂಡ್ರಿ ಹೇಳ್ಕೊಡಿ. ಅಪ್ಪನ ಹೆಸರಲ್ಲಿ ನಾನು ಮಾಡಿಸ್ಕೊಂಡು ತೋರಿಸ್ತೀನಿ."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಈ ಸಲ ನನ್ನ ಪರವಾಗಿ ಮಾತಾಡಲು ಯಾರೂ ಹೊರಗೆ ಬರಲಿಲ್ಲ.

ಹೇಳಿದೆ. ಕಿರುಚಿದ್ದು, ಕಾಲು ಜಾಡಿಸಿದ್ದು, ಅತ್ತದ್ದು, ಅವಳ ಅತ್ತೆ ಬಂದು ಸೈನ್ ಹಾಕಿದ್ದು, ಇಂಜೆಕ್ಷನ್ ತೆಗೆದುಕೊಂಡದ್ದು, ಹೊಸತೊಡಕಿನ ದಿನ ಕೊಚ್ಚಿಕೊಂಡದ್ದು. ಹೇಳುತ್ತ ಹೇಳುತ್ತ ನನ್ನ ಸ್ವರ ನನಗೇ ಅಸಹ್ಯವಾಯಿತು. ಅವಳು ಮೊದಲು ನಕ್ಕಳು, ತಮಾಷೆ ಮಾಡುತ್ತಿದ್ದೀನಿ ಅಂದುಕೊಂಡಿರಬೇಕು. ಆಮೇಲೆ ನಗು ನಿಂತಿತು.

"ಅಪ್ಪಂಗೆ ಇದು ಗೊತ್ತಿತ್ತಾ ಮಾವ?"

"ಇಲ್ಲಮ್ಮ."

"ಸಾಯೋವರ್ಗೂ?"

"ಸಾಯೋವರ್ಗೂ."

"ಅವತ್ತು ಆಸ್ಪತ್ರೇಲಿ ಅಪ್ಪ ಬೇಡ ಅಂದಾಗ ನೀವು ಪಕ್ಕದಲ್ಲೇ ಕೂತಿದ್ರಂತೆ. ಅಮ್ಮ ಹೇಳ್ತಿದ್ಲು."

"ಕೂತಿದ್ದೆ."

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮುಂದಿನ ವಾರ ಇಂಜೆಕ್ಷನ್ ತೆಗೆದುಕೊಂಡೇ ಮಾಡಿಸಿಕೊಂಡಳು. ಒಂದು ಸಣ್ಣ ಗಂಟು ಸಿಕ್ಕಿತು, ತೆಗೆದರು. ಚೆನ್ನಾಗಿದ್ದಾಳೆ. ಆದರೆ ಅವತ್ತು ಅವಳು ಎದ್ದು ಹೊರಟಾಗ ನಾನು ಬಾಗಿಲ ತನಕ ಹೋಗಿ, ಜೊತೆಗೆ ಯಾರಾದರೂ ಇರಬೇಕಮ್ಮ, ನಾನು ಬರುತ್ತೀನಿ ಎಂದಿದ್ದೆ. ಅವಳು ಚಪ್ಪಲಿ ಹಾಕಿಕೊಳ್ಳುತ್ತ, ನನ್ನ ಕಡೆ ತಿರುಗದೆ, ಅಡುಗೆಮನೆಗೆ ಕೇಳುವಂತೆ ಹೇಳಿದಳು:

"ಅತ್ತೆ ಬರ್ಲಿ. ನೀವ್ ಬರ್ಬೇಡಿ."